ವೈರಸ್ ಹೆಚ್ಚುವುದು ಬೇರೆ, ಕಾಯಿಲೆ ಬೀಳುವುದು ಬೇರೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ವೈರಸ್ ಬಗ್ಗೆಯೇ. ಒಳ್ಳೆಯದೇ ಆಯಿತು, ನನಗೆ ಅನ್ನ ಹಾಕಿರುವುದೂ ಅದೇ. ಕೋಶ ಬೆಳೆಸುವುದು, ಅದಕ್ಕೆ ವೈರಸ್ ಹಾಕುವುದು, ಏನಾಗುತ್ತದೆ ಅಂತ ನೋಡುತ್ತಾ ಕೂರುವುದು. ಕೇಳಿದವರಿಗೆ ನನ್ನ ಕೆಲಸವನ್ನು ಹೀಗೇ ಹೇಳುತ್ತೇನೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ವೈರಸ್ಸಿಗೆ ಸ್ವಂತ ಜೀವ ಇಲ್ಲ ಅಂತ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ಲ್ಯಾಬಿನಲ್ಲಿ ವೈರಸ್ ಬೆಳೆಸಿದರು ಅಂತ ಸುದ್ದಿ ಬರುತ್ತದೆ. ಅದಕ್ಕೆ ಊಟ ಏನು ಹಾಕುತ್ತೀರಿ ಮೇಡಂ? (ಒಬ್ಬ ವಿಜ್ಞಾನ ಶಿಕ್ಷಕರು)

ಉತ್ತರ: ಮೇಷ್ಟ್ರೇ, ವೈರಸ್ಸಿಗೆ ಊಟ ಹಾಕುವುದಿಲ್ಲ. ಕೋಶಗಳಿಗೆ ಹಾಕುತ್ತೇವೆ. ಬ್ಯಾಕ್ಟೀರಿಯಾ ಆದರೆ ಅಗರ್ ತಟ್ಟೆಯ ಮೇಲೆ ಗೀಚಿಟ್ಟರೆ ಸಾಕು, ಬೆಳಗಾಗುವಷ್ಟರಲ್ಲಿ ಎದ್ದಿರುತ್ತದೆ. ವೈರಸ್ಸನ್ನು ಅಲ್ಲಿ ಎಷ್ಟು ದಿನ ಇಟ್ಟರೂ ಒಂದು ಎರಡಾಗುವುದಿಲ್ಲ. ಪ್ರೋಟೀನು ಕಟ್ಟುವ ಸಲಕರಣೆ ಅದರ ಹತ್ತಿರ ಇಲ್ಲ, ಶಕ್ತಿ ತಯಾರಿಸುವ ಏರ್ಪಾಟೂ ಇಲ್ಲ. ಎಲ್ಲಾ ಕೋಶದ್ದೇ ಬೇಕು.

ಅದಕ್ಕೇ ನಮ್ಮ ದಿನದ ಬಹುಪಾಲು ಕೋಶಗಳ ಚಾಕರಿಯಲ್ಲೇ ಕಳೆಯುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಫ್ಲಾಸ್ಕು. ಅದರ ತಳಕ್ಕೆ ಒಂದೇ ಪದರವಾಗಿ ಅಂಟಿಕೊಂಡ ಕೋಶಗಳು. ಮೇಲೆ ಕೆಂಪು-ಗುಲಾಬಿ ಬಣ್ಣದ ದ್ರವ: ಸಕ್ಕರೆ, ಲವಣ, ಅಮೈನೋ ಆಮ್ಲ, ವಿಟಮಿನ್ನು, ಜೊತೆಗೆ ಸ್ವಲ್ಪ ಸೀರಂ. ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಕಾರ್ಬನ್ ಡೈಆಕ್ಸೈಡು. ದ್ರವ ಹಳದಿಗೆ ತಿರುಗಿತು ಅಂದರೆ ಕೋಶಗಳು ತಿಂದುಂಡು ಆಮ್ಲ ಬಿಟ್ಟಿವೆ, ಬದಲಾಯಿಸಬೇಕು. ಭಾನುವಾರ ಅಂತ ಅವು ಸುಮ್ನೆ ಇರುವುದಿಲ್ಲ.

ನಾವು ಹೆಚ್ಚಾಗಿ ಬಳಸುವುದು ವೆರೋ ಅನ್ನುವ ಕೋಶ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ತೆಗೆದದ್ದು. ಇವತ್ತಿಗೂ ಒಡೆದು ಒಡೆದು ಬೆಳೆಯುತ್ತಲೇ ಇದೆ. ವೈರಸ್ ಕೆಲಸದವರಿಗೆ ಇದು ಯಾಕೆ ಇಷ್ಟ ಅಂದರೆ ಅದಕ್ಕೊಂದು ಊನ ಇದೆ: ಇಂಟರ್‌ಫೆರಾನ್ ಎಂಬ ರಕ್ಷಣೆಯ ಪ್ರೋಟೀನನ್ನು ತಯಾರಿಸಲಾರದು. ಹೀಗಾಗಿ ಎಷ್ಟೋ ವೈರಸ್‌ಗಳು ಇದರಲ್ಲಿ ಆರಾಮಾಗಿ ಹೆಚ್ಚುತ್ತವೆ. ಈ ಊನದ ಮಾತು ಕೆಳಗೆ ಮತ್ತೆ ಬರುತ್ತದೆ, ನೆನಪಿರಲಿ.

ವೈರಸ್ ಹಾಕಿದ ಮಾರನೇ ದಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊದಲಿಗೆ ಏನೂ ಆಗಿಲ್ಲ ಅನಿಸುತ್ತದೆ. ಆಮೇಲೆ ಯಾವುದೋ ಮೂಲೆಯಲ್ಲಿ ನಾಲ್ಕೈದು ಕೋಶಗಳು ಮೈ ಮುದುಡಿಕೊಂಡು ದುಂಡಗಾಗಿ, ಅಂಚು ಹೊಳೆಯುತ್ತಾ ಕೂತಿರುವುದು ಕಾಣುತ್ತದೆ. ಸಂಜೆಗೆ ಆ ಗುಂಪು ದೊಡ್ಡದಾಗಿರುತ್ತದೆ. ಮರುದಿನ ಅರ್ಧ ಪದರವೇ ಕಿತ್ತುಬಂದು ದ್ರವದಲ್ಲಿ ತೇಲುತ್ತಿರುತ್ತದೆ. ದಡಾರದ ವೈರಸ್ ಆದರೆ ನೋಟವೇ ಬೇರೆ. ಅಕ್ಕಪಕ್ಕದ ಕೋಶಗಳ ಪೊರೆ ಕೂಡಿಕೊಂಡು ಒಂದೇ ದೈತ್ಯ ಕೋಶವಾಗಿ, ಅದರೊಳಗೆ ಹತ್ತಾರು ನ್ಯೂಕ್ಲಿಯಸ್ ತುಂಬಿರುತ್ತವೆ. ಕಣ್ಣು ಪಳಗಿದವರು ಲೇಬಲ್ ನೋಡದೆಯೇ ಯಾವ ಗುಂಪಿನ ವೈರಸ್ ಅಂತ ಊಹಿಸಿಬಿಡುತ್ತಾರೆ.

ಮಕ್ಕಳಿಗೆ ಹೇಳಲು ಒಂದು ಇಸವಿ ಬೇಕಾದರೆ 1949 ಹೇಳಿ. ಪೋಲಿಯೋ ವೈರಸ್ ನರದ ಕೋಶದಲ್ಲಿ ಮಾತ್ರ ಹೆಚ್ಚುತ್ತದೆ ಅಂತ ಅಲ್ಲಿಯವರೆಗೆ ನಂಬಿದ್ದರು. ಸಂಶೋಧನೆಗೆ ಕೋತಿಗಳೇ ಬೇಕಾಗುತ್ತಿದ್ದವು. ಬಾಸ್ಟನ್‌ನಲ್ಲಿ ಎಂಡರ್ಸ್, ವೆಲ್ಲರ್, ರಾಬಿನ್ಸ್ ಮೂವರೂ ಸೇರಿ ಅದನ್ನು ನರವಲ್ಲದ ಮಾಮೂಲಿ ಅಂಗಾಂಶದಲ್ಲೂ ಬೆಳೆಸಿ ತೋರಿಸಿದರು. 1954ರಲ್ಲಿ ನೊಬೆಲ್ ಬಂತು. ಪೋಲಿಯೋ ಲಸಿಕೆಗೆ ದಾರಿ ಆಗಿದ್ದು ಅಲ್ಲಿಂದ.

ಪ್ರಶ್ನೆ: ಒಂದು ವೈರಸ್ ಒಂದು ಕೋಶದೊಳಗೆ ಹೋದರೆ ಎಷ್ಟು ವೈರಸ್ ಹೊರಗೆ ಬರುತ್ತವೆ? ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದಾ? (ಕಾಲೇಜು ವಿದ್ಯಾರ್ಥಿನಿ)

ಉತ್ತರ: ಇಲ್ಲಮ್ಮ. ಎರಡು, ನಾಲ್ಕು, ಎಂಟು ಅನ್ನುವ ಲೆಕ್ಕ ಬ್ಯಾಕ್ಟೀರಿಯಾದ್ದು. ವೈರಸ್ ಮೊದಲು ಮಾಯವಾಗುತ್ತದೆ, ಆಮೇಲೆ ಒಟ್ಟಿಗೆ ನೂರಾರು ಸಾವಿರಾರು ಆಗಿ ಕಾಣಿಸುತ್ತದೆ.

ಇದನ್ನು ಚೊಕ್ಕವಾಗಿ ತೋರಿಸಿದವರು ಎಲ್ಲಿಸ್ ಮತ್ತು ಡೆಲ್ಬ್ರುಕ್, 1939ರಲ್ಲಿ. ಅವರದ್ದು ಬ್ಯಾಕ್ಟೀರಿಯಾಗೆ ತಗಲುವ ವೈರಸ್. ಎಲ್ಲಾ ಬ್ಯಾಕ್ಟೀರಿಯಾಗಳಿಗೂ ಒಂದೇ ಸಮಯಕ್ಕೆ ಸೋಂಕು ತಗಲಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಎಣಿಸಿದರು. ಸುಮಾರು ಅರ್ಧ ಗಂಟೆ ಸಂಖ್ಯೆ ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಲೇ ಮೇಲಕ್ಕೆ ನೆಗೆಯಿತು, ಮತ್ತೆ ನಿಂತಿತು. ಮುಂದೆ ಬೇರೆಯವರು ಆ ಅರ್ಧ ಗಂಟೆಯ ಮಧ್ಯದಲ್ಲೇ ಬ್ಯಾಕ್ಟೀರಿಯಾ ಒಡೆದು ನೋಡಿದರೆ ಹಾಕಿದ ವೈರಸ್ಸೂ ಸಿಗಲಿಲ್ಲ! ಯಾಕೆಂದರೆ ಒಳಗೆ ಹೋದ ಮೇಲೆ ವೈರಸ್ ತನ್ನ ಕವಚ ಕಳಚಿಬಿಡುತ್ತದೆ. ಉಳಿಯುವುದು ಆದೇಶ ಹೊತ್ತ ಡಿಎನ್‌ಎ ಅಥವಾ ಆರ್‌ಎನ್‌ಎ ಮಾತ್ರ. 1952ರಲ್ಲಿ ಹರ್ಷಿ ಮತ್ತು ಚೇಸ್ ಇದನ್ನೇ ಅಡುಗೆಮನೆಯ ಮಿಕ್ಸಿಯಂಥ ಬ್ಲೆಂಡರಿನಲ್ಲಿ ಸಾಬೀತು ಮಾಡಿದರು. ಪ್ರೋಟೀನಿಗೆ ವಿಕಿರಣದ ಗಂಧಕ, ಡಿಎನ್‌ಎಗೆ ವಿಕಿರಣದ ರಂಜಕ. ಬ್ಲೆಂಡರ್ ತಿರುಗಿಸಿದಾಗ ಗಂಧಕ ಬಹುಪಾಲು ಹೊರಗೇ ಉದುರಿತು, ರಂಜಕ ಒಳಗೆ ಸೇರಿಕೊಂಡಿತ್ತು. ಇಂಥ ಕಡಿಮೆ ಖರ್ಚಿನ ಜಾಣ ಪ್ರಯೋಗಗಳೆಂದರೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚು.

ನಮ್ಮ ಕೋಶಗಳಲ್ಲಿ ಹೇಗೆ ಅಂತ ನೋಡಲು ಪೋಲಿಯೋ ತೆಗೆದುಕೋ. ಅದರ ಆರ್‌ಎನ್‌ಎ ಸುಮಾರು 7,500 ರಾಸಾಯನಿಕ ಅಕ್ಷರದ್ದು, ಅಷ್ಟೇ. ಒಳಗೆ ಬಿದ್ದ ಕೂಡಲೇ ಕೋಶದ ಪ್ರೋಟೀನು ಕಟ್ಟುವ ಯಂತ್ರ, ಅಂದರೆ ರೈಬೋಸೋಮ್, ಅದನ್ನು ತನ್ನದೇ ಅಂದುಕೊಂಡು ಓದಲು ಶುರು ಮಾಡುತ್ತದೆ. ಒಂದು ಉದ್ದನೆಯ ಪ್ರೋಟೀನು ತಯಾರಾಗುತ್ತದೆ. ಅದು ತನ್ನನ್ನು ತಾನೇ ತುಂಡು ಮಾಡಿಕೊಳ್ಳುತ್ತದೆ. ಒಂದು ತುಂಡು ಆರ್‌ಎನ್‌ಎ ನಕಲು ಮಾಡುತ್ತದೆ. ಇನ್ನೊಂದು ತುಂಡು, ಕೋಶ ತನ್ನ ಸ್ವಂತ ಪ್ರೋಟೀನು ತಯಾರಿಸಲು ಬೇಕಾದ ಒಂದು ಭಾಗವನ್ನೇ ಕತ್ತರಿಸಿಹಾಕುತ್ತದೆ. ಇನ್ನು ಕೋಶದ ಕೆಲಸ ಬಂದ್, ವೈರಸ್ಸಿನದ್ದು ಮಾತ್ರ ಚಾಲು. ಎಂಟು ಗಂಟೆಯ ಸುಮಾರಿಗೆ ಕೋಶ ಒಡೆದು ಸಾವಿರಾರು ಕಣಗಳು ಹೊರಬೀಳುತ್ತವೆ.

ಎಲ್ಲವೂ ಹೀಗೆ ಒಡೆದೇ ಬರಬೇಕೆಂದಿಲ್ಲ. ಫ್ಲೂ ವೈರಸ್ ಕೋಶದ ಪೊರೆಯನ್ನೇ ಹೊದ್ದುಕೊಂಡು ಒಂದೊಂದಾಗಿ ಮೊಗ್ಗಿನಂತೆ ಹೊರಬರುತ್ತದೆ. ಆದರೆ ಹೊರಬಂದದ್ದು ಕೋಶದ ಮೈಗೇ ಅಂಟಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಅದಕ್ಕೆ ನ್ಯೂರಮಿನಿಡೇಸ್ ಎಂಬ ಕಿಣ್ವ ಬೇಕು. ಟ್ಯಾಮಿಫ್ಲೂ ಮಾತ್ರೆ ತಡೆಯುವುದು ಆ ಕಿಣ್ವವನ್ನೇ. ಒಳಗೆ ಹೆಚ್ಚಿದರೂ ಹೊರಗೆ ಬಿಡಿಸಿಕೊಳ್ಳಲಾಗದೆ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಮಾಮೂಲಿ ಮೈಕ್ರೋಸ್ಕೋಪಿಗೆ ವೈರಸ್ ಕಾಣುವುದಿಲ್ಲ ಅಂತೀರಿ. ಮತ್ತೆ ಒಂದು ಎಂಎಲ್‌ಗೆ ಇಷ್ಟು ಕೋಟಿ ಅಂತ ಬರೆಯುತ್ತೀರಿ. ಎಣಿಸಿದವರು ಯಾರು? (ನಿವೃತ್ತ ಲೆಕ್ಕಾಧಿಕಾರಿ)

ಉತ್ತರ: ನಾವೇ ಸಾರ್, ಬೆರಳು ಮಡಚಿ! ವೈರಸ್ಸನ್ನಲ್ಲ, ಅದು ಮಾಡಿದ ತೂತುಗಳನ್ನು.

ಆರು ಗುಳಿಗಳ ಒಂದು ಪ್ಲೇಟಿನಲ್ಲಿ ಕೋಶಗಳನ್ನು ಹಾಸಿರುತ್ತೇವೆ. ವೈರಸ್ ಇರುವ ದ್ರವವನ್ನು ಹತ್ತರಲ್ಲಿ ಒಂದು ಪಾಲು, ಅದನ್ನು ಮತ್ತೆ ಹತ್ತರಲ್ಲಿ ಒಂದು ಪಾಲು, ಹೀಗೆ ತೆಳು ಮಾಡುತ್ತಾ ಹೋಗಿ, ಒಂದೊಂದು ಗುಳಿಗೆ ಒಂದೊಂದು ತೆಳುವಿನದ್ದನ್ನು 0.1 ಎಂಎಲ್ ಹಾಕುತ್ತೇವೆ. ಒಂದು ಗಂಟೆ ಬಿಟ್ಟು ಮೇಲೆ ಅಗರೋಸ್ ಸುರಿಯುತ್ತೇವೆ. ಅದು ಹೆಪ್ಪುಗಟ್ಟಿದ ಮೇಲೆ ವೈರಸ್ ಈಜಿಕೊಂಡು ದೂರ ಹೋಗುವ ಹಾಗಿಲ್ಲ, ಪಕ್ಕದ ಕೋಶಕ್ಕೆ ಮಾತ್ರ ತಗಲಬೇಕು. ಎರಡು-ಮೂರು ದಿನ ಕಳೆದ ಮೇಲೆ ಅಗರೋಸ್ ಎತ್ತಿ, ನೇರಳೆ ಬಣ್ಣದ ಕ್ರಿಸ್ಟಲ್ ವಯೊಲೆಟ್ ಹಾಕಿ ತೊಳೆದರೆ ಬದುಕಿರುವ ಕೋಶಗಳು ಬಣ್ಣ ಹಿಡಿಯುತ್ತವೆ. ಸತ್ತ ಕಡೆ ಬಣ್ಣ ಇಲ್ಲ. ದಟ್ಟ ನೇರಳೆಯ ಮಧ್ಯೆ ದುಂಡನೆಯ ಬಿಳಿ ತೂತುಗಳು, ಹುಳ ಹೊಡೆದ ಬಟ್ಟೆಯ ಹಾಗೆ. ಇದಕ್ಕೇ ಪ್ಲಾಕ್ ಅನ್ನುವುದು. ಒಂದೊಂದು ತೂತೂ ಒಂದೇ ವೈರಸ್ಸಿನಿಂದ ಶುರುವಾದದ್ದು.

ನಿಮ್ಮ ಕಸುಬಿನ ಲೆಕ್ಕದಲ್ಲೇ ಹೇಳುವುದಾದರೆ: ಮೊದಲ ಗುಳಿಗಳಲ್ಲಿ ಎಲ್ಲಾ ಸತ್ತು ಬೋಳಾಗಿರುತ್ತದೆ, ಎಣಿಸಲು ಆಗುವುದಿಲ್ಲ. ಒಂದು ಲಕ್ಷ ಪಟ್ಟು ತೆಳು ಮಾಡಿದ ಗುಳಿಯಲ್ಲಿ 42 ತೂತು ಸಿಕ್ಕವು ಅನ್ನಿ. 0.1 ಎಂಎಲ್‌ಗೆ 42 ಲಕ್ಷ, ಅಂದರೆ ಒಂದು ಎಂಎಲ್‌ಗೆ 4 ಕೋಟಿ 20 ಲಕ್ಷ. ಬ್ಯಾಕ್ಟೀರಿಯಾದ ವೈರಸ್‌ಗಳಿಗೆ ಈ ಉಪಾಯವನ್ನು ಡಿ'ಹೆರೆಲ್ 1917ರ ಹೊತ್ತಿಗೇ ಕಂಡುಕೊಂಡಿದ್ದ. ಪ್ರಾಣಿಗಳ ವೈರಸ್‌ಗೆ ಅದನ್ನು ಹೊಂದಿಸಿದ್ದು ಡುಲ್ಬೆಕೊ, 1952ರಲ್ಲಿ. ಇಷ್ಟು ವರ್ಷ ಆದರೂ ಇದರ ಜಾಗಕ್ಕೆ ಬೇರೆ ಯಾವುದೂ ಪೂರ್ತಿ ಬಂದಿಲ್ಲ.

ಒಂದು ಎಚ್ಚರಿಕೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಣಗಳನ್ನು ಎಣಿಸಿದರೆ ತೂತಿನ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ. ಪೋಲಿಯೋದಲ್ಲಿ ಒಂದು ತೂತಿಗೆ ಮೂವತ್ತರಿಂದ ಸಾವಿರ ಕಣ. ಎಷ್ಟೋ ಕಣಗಳು ದಾರಿ ತಪ್ಪುತ್ತವೆ, ಕೆಲವು ಹುಟ್ಟುವಾಗಲೇ ಕೆಟ್ಟಿರುತ್ತವೆ. ಪಿಸಿಆರ್ ಪರೀಕ್ಷೆಯಂತೂ ಆರ್‌ಎನ್‌ಎ ತುಣುಕನ್ನು ನೋಡುತ್ತದೆಯೇ ಹೊರತು ವೈರಸ್‌ಗೆ ಕೋಶ ಹೊಕ್ಕುವ ತಾಕತ್ತು ಇದೆಯಾ ಅಂತ ಅಲ್ಲ. ಗುಣವಾದ ಮೇಲೂ ವಾರಗಟ್ಟಲೆ ಪಾಸಿಟಿವ್ ಬರುವವರಿದ್ದಾರೆ. ಅವರ ಮಾದರಿಯನ್ನು ಕೋಶಗಳ ಮೇಲೆ ಹಾಕಿದರೆ ಎಷ್ಟೋ ಸಲ ಒಂದು ತೂತೂ ಬೀಳುವುದಿಲ್ಲ.

ಪ್ರಶ್ನೆ: ನನಗೂ ತಮ್ಮನಿಗೂ ಒಂದೇ ವಾರ ಒಂದೇ ವೈರಸ್ ಪಾಸಿಟಿವ್ ಬಂತು. ನಾನು ಹಾಸಿಗೆ ಹಿಡಿದೆ. ಅವನು ಆರಾಮಾಗಿ ಓಡಾಡಿಕೊಂಡಿದ್ದ. ವೈರಸ್ ಇಬ್ಬರಲ್ಲೂ ಹೆಚ್ಚಿದೆ ತಾನೇ? ಮತ್ತೆ ಯಾಕೆ ಹೀಗೆ? (ಸಿಟ್ಟಿನಲ್ಲಿರುವ ಅಕ್ಕ)

ಉತ್ತರ: ತಮ್ಮನ ಮೇಲೆ ಸಿಟ್ಟು ಬೇಡಮ್ಮ. ಈ ಸಲದ ಪತ್ರಗಳಲ್ಲೆಲ್ಲಾ ನನಗೆ ಹಿಡಿಸಿದ ಪ್ರಶ್ನೆ ನಿನ್ನದು. ವೈರಸ್ ಹೆಚ್ಚಿದ್ದೇ ಕಾಯಿಲೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಪ್ಲೇಟಿನಲ್ಲಿ ಅದು ನಿಜ, ಹೆಚ್ಚಿತು, ಕೋಶ ಸತ್ತಿತು. ಮೈಯೊಳಗೆ ಲೆಕ್ಕ ಅಷ್ಟು ನೇರ ಇಲ್ಲ.

ಎಲ್‌ಸಿಎಂವಿ ಅಂತ ಇಲಿಗಳ ವೈರಸ್ ಒಂದಿದೆ. ಅದನ್ನು ಬೆಳೆದ ಇಲಿಯ ಮೆದುಳಿಗೆ ಚುಚ್ಚಿದರೆ ಒಂದು ವಾರದ ಆಸುಪಾಸಿನಲ್ಲಿ ಇಲಿ ಸಾಯುತ್ತದೆ. ವೈರಸ್ ಕೊಂದಿತು ಅನ್ನೋಣವೇ? ಆದರೆ ಮೊದಲೇ ವಿಕಿರಣ ಹಾಯಿಸಿ ರೋಗನಿರೋಧಕ ಶಕ್ತಿಯನ್ನು ಕುಂದಿಸಿದ ಇಲಿಗೆ ಅದೇ ವೈರಸ್ ಚುಚ್ಚಿದರೆ ವೈರಸ್ ಚೆನ್ನಾಗಿ ಹೆಚ್ಚುತ್ತದೆ, ಇಲಿ ಬದುಕುತ್ತದೆ! ಆಗ ತಾನೇ ಹುಟ್ಟಿದ ಮರಿಗೆ ಕೊಟ್ಟರೆ ಜೀವಮಾನ ಪೂರ್ತಿ ಮೈತುಂಬಾ ವೈರಸ್ ಇಟ್ಟುಕೊಂಡು ಓಡಾಡುತ್ತದೆ. ಅಂದರೆ ಮೊದಲ ಇಲಿಯನ್ನು ಕೊಂದದ್ದು ಅದರದ್ದೇ ರಕ್ಷಣಾ ಪಡೆಯ ಟಿ ಕೋಶಗಳು. ಸೋಂಕು ತಗಲಿದ ಕೋಶಗಳನ್ನು ಹುಡುಕಿ ಹೊಡೆಯುವ ಭರದಲ್ಲಿ ಮೆದುಳನ್ನೇ ಕೆಡಿಸಿದವು. ಟಿ ಕೋಶಗಳು ಸೋಂಕಿತ ಕೋಶವನ್ನು ಗುರುತು ಹಿಡಿಯುವುದು ಹೇಗೆ ಅಂತ ಝಿಂಕರ್‌ನಾಗಲ್ ಮತ್ತು ಡೊಹರ್ಟಿ ಇದೇ ವೈರಸ್ ಇಟ್ಟುಕೊಂಡು ಕಂಡುಹಿಡಿದರು. 1996ರ ನೊಬೆಲ್ ಅದಕ್ಕೆ.

ಇಲಿಯ ಮಾತು ನಮಗೇಕೆ ಅನ್ನಬೇಡ. ಹೆಪಟೈಟಿಸ್ ಬಿ ನೋಡು. ಆ ವೈರಸ್ ಯಕೃತ್ತಿನ ಕೋಶವನ್ನು ತಾನಾಗಿ ಕೊಲ್ಲುವುದಿಲ್ಲ ಅಂತಲೇ ಹೇಳಬಹುದು. ಕಾಮಾಲೆ ಬರುವುದು ನಮ್ಮ ರಕ್ಷಣಾ ಪಡೆ ಆ ಕೋಶಗಳ ಮೇಲೆ ಬಿದ್ದಾಗ. ಹುಟ್ಟುವಾಗ ಸೋಂಕು ತಗಲಿದ ಮಕ್ಕಳಿಗೆ ಆಗ ಏನೂ ತೊಂದರೆ ಕಾಣುವುದಿಲ್ಲ, ಆದರೆ ನೂರರಲ್ಲಿ ತೊಂಬತ್ತರಷ್ಟು ಮಕ್ಕಳಲ್ಲಿ ವೈರಸ್ ಉಳಿದುಬಿಡುತ್ತದೆ. ದೊಡ್ಡವರಿಗೆ ತಗಲಿದರೆ ಕಾಮಾಲೆ ಬಂದು ನರಳಬಹುದು, ಆದರೆ ವೈರಸ್ ಉಳಿಯುವುದು ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ. ನರಳಿದವರೇ ಗೆದ್ದವರು, ವಿಚಿತ್ರ ಅಲ್ವಾ?

ಇನ್ನು ನೀನು ಹಾಸಿಗೆ ಹಿಡಿದ ವಿಷಯ. ಮೇಲೆ ಇಂಟರ್‌ಫೆರಾನ್ ಅಂದೆನಲ್ಲ, ಅದನ್ನು 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಪತ್ತೆ ಮಾಡಿದರು. ಸೋಂಕು ತಗಲಿದ ಕೋಶ ಇದನ್ನು ಹೊರಗೆ ಬಿಟ್ಟು ನೆರೆಹೊರೆಯ ಕೋಶಗಳನ್ನು ಎಚ್ಚರಿಸುತ್ತದೆ. ಅವು ವೈರಸ್ ಬರುವ ಮೊದಲೇ ಬಾಗಿಲು ಹಾಕಿಕೊಳ್ಳುತ್ತವೆ. ಈ ಇಂಟರ್‌ಫೆರಾನನ್ನು ಮುಂಚೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಜೆಕ್ಷನ್ ಕೊಡುತ್ತಿದ್ದರು. ಸೂಜಿಯಲ್ಲಿ ಫ್ಲೂ ವೈರಸ್ಸಿನ ಸುಳಿವೂ ಇಲ್ಲ, ಆದರೂ ಜ್ವರ, ಚಳಿ, ಮೈಕೈ ನೋವು, ಥೇಟ್ ಫ್ಲೂ! ನಿನ್ನ ಮೈ ನೋವಿನಲ್ಲಿ ದೊಡ್ಡ ಪಾಲು ಹೀಗೆ ನಿನ್ನದೇ ಮೈಯ ಗಲಾಟೆ.

ತಮ್ಮನಿಗೆ ಏನಾಗಿರಬಹುದು? ಅವನ ಇಂಟರ್‌ಫೆರಾನ್ ಬೇಗ ಎದ್ದು, ವೈರಸ್ ಜಾಸ್ತಿ ಆಗುವ ಮೊದಲೇ ಕಟ್ಟಿಹಾಕಿರಬಹುದು. ಹಿಂದೆ ಇದರ ಹತ್ತಿರದ ವೈರಸ್ ತಗಲಿ ನೆನಪು ಉಳಿದಿರಬಹುದು. ಒಳಗೆ ಹೋದ ಪ್ರಮಾಣವೇ ಕಡಿಮೆ ಇರಬಹುದು. ದೂರದಿಂದ ನಾನು ಹೇಳಲಾರೆ. ಈ ಇಂಟರ್‌ಫೆರಾನ್ ಎಷ್ಟು ಮುಖ್ಯ ಅಂತ 2020ರಲ್ಲಿ ಚೆನ್ನಾಗಿ ಗೊತ್ತಾಯಿತು. ಕೋವಿಡ್ ನ್ಯುಮೋನಿಯಾ ಪ್ರಾಣಾಪಾಯಕ್ಕೆ ಹೋದವರಲ್ಲಿ ನೂರಕ್ಕೆ ಸುಮಾರು ಹತ್ತು ಜನರ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ನಿಷ್ಕ್ರಿಯ ಮಾಡುವ ಪ್ರತಿಕಾಯಗಳು ಸಿಕ್ಕವು.

ಪ್ರಶ್ನೆ: ಹಾಗಾದರೆ ರೇಬೀಸ್ ಇಷ್ಟು ಭೀಕರ ಯಾಕೆ? ಅದು ಎಲ್ಲಕ್ಕಿಂತ ಜೋರಾಗಿ ಹೆಚ್ಚುತ್ತದಾ?

ಉತ್ತರ: ಇಲ್ಲ, ಜೋರಿನಲ್ಲಿ ಅದು ಪೋಲಿಯೋದ ಹತ್ತಿರಕ್ಕೂ ಬರುವುದಿಲ್ಲ. ಎಲ್ಲಿ ಹೆಚ್ಚುತ್ತದೆ ಅನ್ನುವುದೇ ಅಲ್ಲಿ ಮುಖ್ಯ. ಕಚ್ಚಿದ ಜಾಗದ ಸ್ನಾಯುವಿನಿಂದ ನರದ ತುದಿ ಹಿಡಿದು, ನರದ ಒಳಗೇ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ, ಕೊನೆಗೆ ಜೊಲ್ಲಿನ ಗ್ರಂಥಿಗೆ. ಸತ್ತವರ ಮೆದುಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಷ್ಟು ದೊಡ್ಡ ಕಾಯಿಲೆಗೆ ತಕ್ಕ ಹಾಳು ಕಾಣುವುದಿಲ್ಲ. ನರಕೋಶಗಳು ಬಹಳಷ್ಟು ಇದ್ದಲ್ಲೇ ಇರುತ್ತವೆ, ಕೆಲಸ ಮಾತ್ರ ಕೆಟ್ಟಿರುತ್ತದೆ.

ಈ ಪ್ರಯಾಣಕ್ಕೆ ಸಾಮಾನ್ಯವಾಗಿ 2–3 ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಒಂದೇ ವಾರ. ಕಚ್ಚಿದ ಮೇಲೆ ಹಾಕಿದ ಲಸಿಕೆಯೂ ಕೆಲಸ ಮಾಡುವುದು ಈ ಸಮಯ ಸಿಗುವುದರಿಂದಲೇ. ಹಾಗಂತ ಒಂದು ಗಂಟೆಯೂ ಕಾಯಬೇಡಿ. ಗಾಯವನ್ನು 15 ನಿಮಿಷ ಸೋಪು ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಂಡ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಪ್ರಶ್ನೆ: ಲ್ಯಾಬಿನಲ್ಲಿ ವೈರಸ್ ಕೊಂದ ಔಷಧಿ ಆಸ್ಪತ್ರೆಗೆ ಬಂದಾಗ ಯಾಕೆ ಸೋಲುತ್ತದೆ? ಕಂಪನಿಗಳ ಆಟ ತಾನೇ?

ಉತ್ತರ: ಲ್ಯಾಬಿನ ಪ್ಲೇಟಿನಲ್ಲಿ ಬ್ಲೀಚಿಂಗ್ ನೀರೂ ವೈರಸ್ ಕೊಲ್ಲುತ್ತದೆ ಸ್ವಾಮಿ. ಆಟ ಗೀಟ ಅನ್ನುವ ಮೊದಲು ಕ್ಲೋರೋಕ್ವಿನ್ ಕಥೆ ಕೇಳಿ. 2020ರ ಆರಂಭದಲ್ಲಿ ವೆರೋ ಕೋಶಗಳಲ್ಲಿ ಕೊರೊನಾ ವೈರಸ್ಸನ್ನು ಅದು ಚೆನ್ನಾಗಿ ತಡೆಯಿತು. ಲೆಕ್ಕವೂ ಸರಿ, ಪ್ರಯೋಗವೂ ಸರಿ. ಎಡವಿದ್ದು ಕೋಶದಲ್ಲಿ.

ಕೊರೊನಾ ವೈರಸ್ ಕೋಶದೊಳಗೆ ಬರಲು ಎರಡು ದಾರಿ ಇದೆ. ಒಂದು, ಕೋಶ ಅದನ್ನು ನುಂಗಿ ಒಂದು ಚೀಲದಲ್ಲಿ ಒಳಗೆ ಎಳೆದುಕೊಳ್ಳುವುದು. ಆ ಚೀಲ ಹುಳಿಯಾದಾಗ ವೈರಸ್ ಹೊರಬೀಳುತ್ತದೆ. ಕ್ಲೋರೋಕ್ವಿನ್ ಆ ಹುಳಿಯನ್ನು ತಗ್ಗಿಸುತ್ತದೆ. ಇನ್ನೊಂದು ದಾರಿಯಲ್ಲಿ ಕೋಶದ ಮೇಲ್ಮೈಯಲ್ಲೇ ಇರುವ ಟಿಎಂಪಿಆರ್‌ಎಸ್‌ಎಸ್2 ಎಂಬ ಕಿಣ್ವ ವೈರಸ್ಸಿನ ಮುಳ್ಳನ್ನು ಕತ್ತರಿಸಿಕೊಡುತ್ತದೆ, ಚೀಲದ ಹಂಗೇ ಬೇಡ. ಕೋತಿಯ ಮೂತ್ರಪಿಂಡದ ಕೋಶದಲ್ಲಿ ಮೊದಲ ದಾರಿಯೇ ಗತಿ. ಮನುಷ್ಯರ ಶ್ವಾಸಕೋಶದಲ್ಲಿ ಎರಡನೇ ದಾರಿ ತೆರೆದೇ ಇದೆ. ಅದೇ ವರ್ಷ ಕ್ಯಾಲು-3 ಎಂಬ ಶ್ವಾಸಕೋಶದ ಕೋಶಗಳಲ್ಲಿ ನೋಡಿದಾಗ ಕ್ಲೋರೋಕ್ವಿನ್ ಏನೂ ಮಾಡಲಿಲ್ಲ. ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಬ್ರಿಟನ್ನಿನ ರಿಕವರಿ ಟ್ರಯಲ್ ಕೂಡ, ಅದರ ಹತ್ತಿರದ ಬಂಧು ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೂ ಸಾವು ಕಡಿಮೆಯಾಗುವುದಿಲ್ಲ ಅಂತಲೇ ಹೇಳಿತು.

ಹಾಗಾಗಿ ಪೇಪರಿನಲ್ಲಿ "ಲ್ಯಾಬಿನಲ್ಲಿ ವೈರಸ್ ಮಟಾಷ್" ಅಂತ ಓದಿದರೆ ನಾನು ಮೊದಲು ಕೇಳುವುದು, ಯಾವ ಕೋಶದಲ್ಲಿ? ಅದನ್ನು ಬರೆಯದ ಸುದ್ದಿಯನ್ನು ಅಲ್ಲಿಗೇ ಬಿಡುತ್ತೇನೆ.

ಪ್ರಶ್ನೆ: ಭಯ ಆಗಲ್ವಾ ಮೇಡಂ?

ಉತ್ತರ: ಭಯ ಹೋದವರನ್ನು ನಾನು ಒಳಗೆ ಬಿಡುವುದಿಲ್ಲ. ಅಪಾಯಕ್ಕೆ ತಕ್ಕಂತೆ ಲ್ಯಾಬುಗಳಲ್ಲಿ ನಾಲ್ಕು ಹಂತ ಇವೆ. ಎಬೋಲಾ, ನಿಪಾ ಥರದವು ನಾಲ್ಕನೇ ಹಂತಕ್ಕೆ. ಅಲ್ಲಿ ಮೈತುಂಬಾ ಮುಚ್ಚುವ ಸೂಟು, ಅದಕ್ಕೆ ಕೊಳವೆಯಲ್ಲಿ ಗಾಳಿ. ನಿಯಮಗಳು ಸುಮ್ನೆ ಬಂದವಲ್ಲ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಿಡುಬಿನ ಲ್ಯಾಬ್ ಇದ್ದ ಕಟ್ಟಡದಲ್ಲೇ ಕೆಲಸ ಮಾಡುತ್ತಿದ್ದ ಛಾಯಾಗ್ರಾಹಕಿಯೊಬ್ಬರು ಸಿಡುಬು ತಗಲಿ ತೀರಿಕೊಂಡರು. ಜಗತ್ತಿನಲ್ಲಿ ಸಿಡುಬಿಗೆ ಸತ್ತವರಲ್ಲಿ ಅವರೇ ಕೊನೆಯವರು. ಈಗ ಆ ವೈರಸ್ಸನ್ನು ಅಧಿಕೃತವಾಗಿ ಇಟ್ಟಿರುವುದು ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೋಲ್ತ್ಸೋವೊ, ಎರಡೇ ಕಡೆ.

ಪ್ರಶ್ನೆ: ಮೊಮ್ಮಗುವಿಗೆ ಪೋಲಿಯೋ ಹನಿ ಹಾಕಿಸಿದ್ದೇವೆ. ಅದರಲ್ಲಿ ಜೀವಂತ ವೈರಸ್ ಇರುತ್ತದಂತೆ. ಅದೂ ಮಗುವಿನ ಹೊಟ್ಟೆಯಲ್ಲಿ ಹೆಚ್ಚುತ್ತದಾ? ಗಾಬರಿಯಾಗಿದೆ. (ಒಬ್ಬ ಅಜ್ಜಿ)

ಉತ್ತರ: ಹೆಚ್ಚುತ್ತದೆ ಅಮ್ಮ, ಹೆಚ್ಚಲಿ ಅಂತಲೇ ಹಾಕುವುದು. ಕರುಳಿನಲ್ಲಿ ಹೆಚ್ಚಿದರೆ ಕರುಳಿಗೆ ರಕ್ಷಣೆ ಬರುತ್ತದೆ. ನರಕ್ಕೆ ಹೋಗಿ ಹಾಳು ಮಾಡುವ ತಾಕತ್ತನ್ನು ಮಾತ್ರ ತೆಗೆದಿರುತ್ತಾರೆ. ಕಾಡು ಪೋಲಿಯೋ ಕೂಡ ಸೋಂಕು ತಗಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಲಕ್ವ ತರುತ್ತದೆ. ಉಳಿದವರ ಕರುಳಿನಲ್ಲಿ ಹೆಚ್ಚಿ ಹೋಗಿಬಿಡುತ್ತದೆ.

ಬೇರೆ ಬೇರೆ ಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸುತ್ತಾ ಹೋಗಿ, ನರಕ್ಕೆ ಹಾನಿ ಮಾಡದ ವೈರಸ್ಸನ್ನು ಆರಿಸಿದ್ದು ಸಬಿನ್. ಆಗ ಆರ್‌ಎನ್‌ಎಯ ಅಕ್ಷರ ಓದುವ ವಿದ್ಯೆ ಇರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಓದಿ ನೋಡಿದರೆ, ಪೋಲಿಯೋದ ಮೂರು ಬಗೆಗಳಲ್ಲಿ ಮೂರನೆಯದರ ಲಸಿಕೆ ವೈರಸ್ಸನ್ನು ಸಾಧು ಮಾಡಿದ ಮುಖ್ಯ ಬದಲಾವಣೆಗಳಲ್ಲಿ ಒಂದು 472ನೇ ಜಾಗದ ಒಂದೇ ಅಕ್ಷರ! ಅದೇ ಅಕ್ಷರ ಮಗುವಿನ ಕರುಳಿನಲ್ಲಿ ಕೆಲವೇ ದಿನಗಳಲ್ಲಿ ಹಳೆಯದಕ್ಕೆ ತಿರುಗುವುದನ್ನೂ ಕಂಡಿದ್ದಾರೆ. ಲಸಿಕೆ ಹಾಕಿಸದವರು ಜಾಸ್ತಿ ಇರುವ ಕಡೆ ಇಂಥ ವೈರಸ್ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗಿ, ಅಪರೂಪಕ್ಕೆ ಮತ್ತೆ ಲಕ್ವ ತರುವಷ್ಟು ಬಲಿಯುತ್ತದೆ. ಅದಕ್ಕೇ ಎರಡನೇ ಬಗೆಗೆ ಹೀಗೆ ಸುಲಭವಾಗಿ ಹಿಂದಕ್ಕೆ ತಿರುಗದ ಹೊಸ ಹನಿಯನ್ನು ಅಕ್ಷರ ಅಕ್ಷರ ಯೋಚಿಸಿ ಕಟ್ಟಿದರು. 2020ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ತುರ್ತು ಬಳಕೆಗೆ ಒಪ್ಪಿತು.

ನಿಮ್ಮ ಮೊಮ್ಮಗುವಿನ ಮಟ್ಟಿಗೆ ಮಾಡಬೇಕಾದ್ದು ಇಷ್ಟೇ. ಹನಿ ಹಾಕಿಸಿದ ಕೆಲವು ವಾರ ಮಲದಲ್ಲಿ ಲಸಿಕೆಯ ವೈರಸ್ ಬರುತ್ತಿರುತ್ತದೆ. ಮಗುವಿನ ಬಟ್ಟೆ ಬದಲಿಸಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮನೆಯಲ್ಲಿ ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುವವರೋ, ರೋಗನಿರೋಧಕ ಶಕ್ತಿ ಕುಂದಿದವರೋ ಇದ್ದರೆ ಲಸಿಕೆ ಹಾಕಿದ ಡಾಕ್ಟರಿಗೆ ಹೇಳಿ. ಮುಂದಿನ ಹನಿಯ ತಾರೀಖು ತಪ್ಪಿಸಬೇಡಿ.